‘ಸೈಡಿಂಗ್’ ಎಂಬುದಕ್ಕೆ ‘ಗಿಲಾವು’ ಸಲ್ಲುವುದೇ?

ಮಾನ್ಯರೇ,

ಮರದ ಚೌಕಟ್ಟಿನ ಮನೆಗಳ ದುರಸ್ತಿಯನ್ನು ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕ, ಕೆನಡಾಗಳಲ್ಲಿ ಮನೆ ಕೊಂಡಿರುವ ನಮ್ಮ ಗಂಗಾವತಿ, ಸಿಂಧನೂರು ಕಡೆಯವರಿಗಾಗಿ ಇದು ಸಿದ್ಧವಾಗುತ್ತಿರುವುದರಿಂದ, ಪದಗಳು ಈ ಭಾಗದ ಬಳಕೆಗೆ ಹತ್ತಿರವಿರಬೇಕೆಂಬುದು ನನ್ನ ಆಸೆ. ನೀರು ಕುಡಿದು ಕೆಟ್ಟ ‘ಸೈಡಿಂಗ್’ (ಇಂಥ ಮನೆಗಳ ಹೊರಗೋಡೆಗೆ ಹೊದಿಸುವ ಹಲಗೆ ಇಲ್ಲವೇ ಪಟ್ಟಿಗಳ ಪದರ) ತೆಗೆದು ಹೊಸದನ್ನು ಕೂಡಿಸುವ ಅಧ್ಯಾಯಕ್ಕೆ ಬಂದಾಗ, ಕರಡನ್ನು ಓದಿದ ಇಬ್ಬರು ‘ಗಿಲಾವು’ (ಪ್ಲಾಸ್ಟರ್) ಎಂದರೆ ಸಾಕು, ಹೊರಗೋಡೆಯನ್ನು ಕಾಯುವುದು ಅದೇ ತಾನೇ ಎಂದು ಸೂಚಿಸಿದರು. ಈ ಸೂಚನೆಯನ್ನು ನಾನು ಒಪ್ಪಲಾರೆ.

ಗಿಲಾವು ಗೋಡೆಗೆ ಅಂಟಿಕೊಂಡು ಗೋಡೆಯೊಂದಿಗೆ ಒಂದಾಗಿಬಿಡುತ್ತದೆ. ಕಾಲುವೆ ನೀರಾವರಿಯ ಎರೆ ಭೂಮಿಯ ಊರುಗಳಲ್ಲಿ ಬುನಾದಿಯಿಂದ ತೇವ ಏರಿ, ಉಪ್ಪು ಒಡೆದು, ಗಿಲಾವು ಉಬ್ಬಿ, ಬಡಿದರೆ ಪೊಳ್ಳು ಸದ್ದು ಬಂದಾಗ ಗೌಂಡಿ ಅಷ್ಟು ಭಾಗವನ್ನು ಕೆತ್ತಿ, ಗೋಡೆಯನ್ನು ನೆನೆಸಿ, ಹೊಸದಾಗಿ ಬಳಿಯುತ್ತಾನೆ. ಸೈಡಿಂಗ್ ಹಾಗಲ್ಲ, ಅದು ಬಡಿಗನ ಕೆಲಸ. ಮರದ ಕಂಬಗಳಿಗೆ ಪ್ಲೈವುಡ್ಡಿನಂಥ ಹಾಸು ಜಡಿದು, ಅದರ ಮೇಲೆ ನೀರನ್ನು ತಡೆಯುವ ಕಾಗದ ಸುತ್ತಿ, ಆ ಕಾಗದದ ಮೇಲೆ ಹಲಗೆಗಳನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತಾ ಹೋಗುತ್ತಾರೆ; ಪ್ರತಿ ಹಲಗೆಯ ಕೆಳ ಅಂಚು ಅದರ ಕೆಳಗಿನದರ ಮೇಲೆ ಚಾಚಿಕೊಂಡಿರುತ್ತದೆ. ಮಳೆನೀರು ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆಂದು ತಿಳಿದೇ ಇದನ್ನು ಕಟ್ಟಿರುತ್ತಾರೆ. ಹಾಗೆ ಹೋದ ನೀರು ಕಾಗದದ ಮೇಲೆ ಇಳಿದು ಕೆಳಗಿನಿಂದ ಹೊರಬರಬೇಕು.

ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ ಎನ್ನುವುದು ಇದಕ್ಕೇ. ಗಿಲಾವು ಎಂದು ಓದಿದವನು ಸಂದು ಕಂಡಲ್ಲೆಲ್ಲ ಮೆತ್ತಿ ಮುಚ್ಚುತ್ತಾನೆ. ಹಲಗೆಗಳ ಕೆಳ ಅಂಚನ್ನು ಮುಚ್ಚಿದರೆ ನೀರು ಒಳಗೇ ನಿಂತು ಹಾಸನ್ನೂ ಕಂಬವನ್ನೂ ಕೆಡಿಸುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಎಡೆಯಿಲ್ಲ. ಆದ್ದರಿಂದ ಕೆಟ್ಟ ಹಲಗೆ ಕಳಚಿದ ಮೇಲೆ ಒಳಗನ್ನು ಒಣಗಲು ಬಿಡುವುದು ದುರಸ್ತಿಯ ಮುಖ್ಯ ಭಾಗ.

‘ಕೂಡಿಸು’ ಎಂಬ ನಮ್ಮ ಕ್ರಿಯಾಪದ ಇಲ್ಲಿ ಬಹಳ ಚೆನ್ನಾಗಿ ಒದಗುತ್ತದೆ. ಸೈಡಿಂಗಿಗೆ ಬಳಸುವ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಪಟ್ಟಿಗಳು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಮೊಳೆಯನ್ನು ಬಿಗಿಯಾಗಿ ಹೊಡೆಯಬಾರದು, ಪಟ್ಟಿ ಅತ್ತಿತ್ತ ಸರಿಯುವಷ್ಟು ಸಡಿಲವಿರಬೇಕು. ‘ಜಡಿ’ ಎಂದರೆ ಈ ಅರ್ಥ ಕೆಟ್ಟುಹೋಗುತ್ತದೆ.

ಆದುದರಿಂದ ಇಡೀ ಪದರಕ್ಕೆ ‘ಹೊರಹೊದಿಕೆ’ ಎಂದೂ, ಬಿಡಿ ತುಂಡು ಮರ ಅಥವಾ ಫೈಬರ್ ಸಿಮೆಂಟಿನದಾದರೆ ‘ಹಲಗೆ’, ವಿನೈಲಿನದಾದರೆ ‘ಪಟ್ಟಿ’ ಎಂದೂ ಬಳಸಲು ಯೋಚಿಸಿದ್ದೇನೆ. ಸಿಮೆಂಟಿನಿಂದ ಗೋಡೆಗೆ ಅಂಟಿಸಿದ ಶಹಾಬಾದ್ ಕಲ್ಲನ್ನೂ ಹೊದಿಕೆ ಎನ್ನಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಮೊದಲ ಬಳಕೆಯಲ್ಲಿಯೇ ‘ಕಳಚಬಹುದಾದ ಹೊರಹೊದಿಕೆ’ ಎಂದು ಬರೆಯುವೆ.

ಕೊಳೆತ ಮರಕ್ಕೆ ‘ಕುಂಬಾದ’ ಎಂಬ ಹಳೆಯ ಮಾತು ನನಗೆ ಪ್ರಿಯ: ಮೇಲೆ ಬಣ್ಣ ನೆಟ್ಟಗಿದ್ದು, ಸ್ಕ್ರೂಡ್ರೈವರ್ ಚುಚ್ಚಿದರೆ ಮೆತ್ತಗೆ ಒಳಗಿಳಿಯುವ ಹಲಗೆಯನ್ನು ಅದು ಸರಿಯಾಗಿ ಹೇಳುತ್ತದೆ. ಆದರೆ ನಮ್ಮಲ್ಲಿ ಮಾಳಿಗೆಯ ಮೇಲಿನ ಗಿಡ್ಡಗೋಡೆಗೆ ‘ಕುಂಬಿ’ ಎನ್ನುವುದರಿಂದ, ‘ಕುಂಬಾದ ಹಲಗೆ’ ಎಂದು ಬರೆದರೆ ಓದುಗರು ತೊಡಕುವರೇ? ಕೊಪ್ಪಳ, ರಾಯಚೂರಿನ ಬಡಿಗರ ಮಾತನ್ನು ಬಲ್ಲವರು ತಿಳಿಸಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ಕಿಟಕಿಯ ತಲೆಯಲ್ಲಿ, ಚಾವಣಿ ಗೋಡೆಗೆ ಕೂಡುವಲ್ಲಿ ನೀರನ್ನು ಹೊರಕ್ಕೆ ತಿರುಗಿಸಲು ಮಡಚಿದ ಲೋಹದ ತಗಡೊಂದನ್ನು ಸೇರಿಸುತ್ತಾರೆ. ಅಲ್ಲಿ ಸೋರಿಕೆ ನಿಲ್ಲದೆ ಹಲಗೆ ಬದಲಿಸಿದರೆ ಹೊಸದೂ ಕೆಡುತ್ತದೆ. ‘ಸಜ್ಜಾ’ ಎನ್ನಲಾಗದು, ಅದು ನೆರಳಿಗೂ ಮಳೆಗೂ ಹೊರಚಾಚಿದ್ದು. ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ರಾಯಚೂರಿನ ಹತ್ತಿ ಜಿನ್ನಿಂಗ್ ಗಿರಣಿಗಳಿಗೆ ತಗಡು ಹೊದಿಸುವ ಕೆಲಸಗಾರರು ಈ ಮಡಿಕೆಗೂ, ಒಂದು ತಗಡು ಇನ್ನೊಂದರ ಮೇಲೆ ಬರುವ ಭಾಗಕ್ಕೂ ಏನೆನ್ನುತ್ತಾರೆ? ಆ ಎರಡು ಪದಗಳು ಸಿಕ್ಕರೆ ಅವನ್ನೇ ಬಳಸುವೆ. ಸಿಗದಿದ್ದರೆ ‘ಮಡಿಕೆ ತಗಡು’, ‘ಮೇಲ್ಚಾಚು’ ಎಂದು ಬರೆಯಲು ನಿಮ್ಮ ಒಪ್ಪಿಗೆ ಇದೆಯೇ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.