ಪದಚರ್ಚೆ: ತಾನೇ ಕರೆಂಟು ಹುಟ್ಟಿಸಿಕೊಳ್ಳುವ ಸೆನ್ಸರ್ ‘ಸ್ವಯಂಚಾಲಿತ’ವೇ?

ಎಲ್ಲರಿಗೂ ನಮಸ್ಕಾರ.

ಮರದ ನೆಲಹಾಸಿನ ಬಗ್ಗೆ ಒಂದು ವಿಜ್ಞಾನ ಲೇಖನ ಬರೆಯುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು 2021ರಲ್ಲಿ ಸ್ಪ್ರೂಸ್ ಮರದ ಎರಡು ಹಲಗೆ ತೆಗೆದುಕೊಂಡು, ಒಂದಕ್ಕೆ ಸಿಲಿಕೋನ್ ಬಳಿದು, ಇನ್ನೊಂದರಲ್ಲಿ ಅತಿಸಣ್ಣ ಹರಳು ಬೆಳೆಸಿ, ವಿದ್ಯುದ್ವಾರಗಳ ನಡುವೆ ಜೋಡಿಸಿದರು. ಎ4 ಹಾಳೆಗಿಂತ ತುಸು ಚಿಕ್ಕದಾದ ಆ ಹಾಸಿನ ಮೇಲೆ ನಡೆದರೆ ದೀಪ ಹತ್ತಿತು. ಇದೇ ತತ್ತ್ವ ಹಿಡಿದು, ಒಂಟಿಯಾಗಿರುವ ಅಜ್ಜಿ ಬೆಳಿಗ್ಗೆ ಎದ್ದು ಓಡಾಡಿದರೋ ಇಲ್ಲವೋ ಎಂದು ನೆಲವೇ ಹೇಳುವಂತೆ ಮಾಡಬಹುದು. ಹೆಜ್ಜೆಯೇ ಸುದ್ದಿ, ಹೆಜ್ಜೆಯೇ ಕರೆಂಟು.

ಕರಡು ಓದಿದ ಗೆಳೆಯರು ಇಂಥ ನೆಲವನ್ನು ‘ಸ್ವಯಂಚಾಲಿತ ಸಂವೇದಕ’ (ಸಂವೇದಕ ಎಂದರೆ ಸೆನ್ಸರ್) ಎಂದು ತಿದ್ದಿದ್ದಾರೆ. ನನಗೆ ಒಗ್ಗಲಿಲ್ಲ. ಮಾಲ್‌ನ ಬಾಗಿಲೂ ಸ್ವಯಂಚಾಲಿತವೇ, ಆದರೆ ಅದಕ್ಕೆ ಹೊರಗಿನ ಕರೆಂಟು ಬೇಕು. ‘ಬ್ಯಾಟರಿರಹಿತ’ ಅನ್ನೋಣವೆಂದರೆ ಪ್ಲಗ್ಗಿಗೆ ಸಿಕ್ಕಿಸಿದ ಮಿಕ್ಸಿಯೂ ಬ್ಯಾಟರಿರಹಿತ. ‘ಸ್ವಾವಲಂಬಿ’ ಯಾವುದೋ ಸಾಲ ಯೋಜನೆಯ ಹೆಸರಿನಂತಿದೆ. ನಿಜಕ್ಕೂ ಬೇಕಾಗಿರುವುದು ‘ಸ್ವಯಂಪಾಕ’ದಲ್ಲಿರುವ ಅರ್ಥ: ತನ್ನ ಊಟ ತಾನೇ ಬೇಯಿಸಿಕೊಳ್ಳುವುದು. ‘ಸ್ವಯಂಪಾಕಿ ಸೆನ್ಸರ್’ ಎಂದು ಬರೆದರೆ ಸಂಪಾದಕರು ನಕ್ಕು ಹೊಡೆದುಹಾಕುತ್ತಾರೆ. ಅದೇ ಅಚ್ಚಿನಲ್ಲಿ ‘ಸ್ವಯಂವಿದ್ಯುತ್ ಸಂವೇದಕ’ ಆದೀತೇ?

ಇನ್ನೊಂದು ತೊಡಕು ‘ಟ್ರೈಬೋಎಲೆಕ್ಟ್ರಿಕ್’, ಈ ನೆಲದಲ್ಲಿ ಕರೆಂಟು ಹುಟ್ಟುವ ಬಗೆಗಿರುವ ಇಂಗ್ಲಿಷ್ ಹೆಸರು. ಗ್ರೀಕಿನ ಮೂಲದಲ್ಲಿ ಉಜ್ಜುವುದು ಎಂಬರ್ಥ, ಹಾಗಾಗಿ ‘ಘರ್ಷಣ ವಿದ್ಯುತ್’ ಸುಲಭವಾಗಿ ಒದಗುತ್ತದೆ. ಆದರೆ ಪೇಪರ್ ಓದುವವರಿಗೆ ಘರ್ಷಣೆ ಎಂದರೆ ಎರಡು ಗುಂಪುಗಳ ಹೊಡೆದಾಟ, ಅದರ ಬೆನ್ನಿಗೇ ನಿಷೇಧಾಜ್ಞೆ! ಅಲ್ಲದೆ ಈ ನೆಲಕ್ಕೆ ಉಜ್ಜಾಟವೇ ಬೇಕಿಲ್ಲ. ಕಾಲಿಟ್ಟಾಗ ಹಲಗೆಗಳು ತಾಗಿ, ಎತ್ತಿದಾಗ ಬಿಟ್ಟುಕೊಂಡರೆ ಸಾಕು. ಅಷ್ಟರಲ್ಲಿ ಒಂದರ ಎಲೆಕ್ಟ್ರಾನು ಇನ್ನೊಂದಕ್ಕೆ ಹೋಗಿರುತ್ತದೆ. ‘ತಾಕುವಿದ್ಯುತ್’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ, ಕಿವಿಗೆ ಇನ್ನೂ ಹೊಸದು.

(ಗ್ಯಾಸ್ ಲೈಟರಿನ ಕಿಡಿಯನ್ನು ಇದರೊಂದಿಗೆ ಸೇರಿಸಬೇಡಿ. ಅದು 1880ರಲ್ಲಿ ಕ್ಯೂರಿ ಸೋದರರು ಕಂಡುಕೊಂಡದ್ದು. ಹರಳನ್ನು ಒತ್ತಿದಾಗ ಹುಟ್ಟುವ ವಿದ್ಯುತ್ತು. ಅದಕ್ಕೆ ‘ಒತ್ತುವಿದ್ಯುತ್’ ಚೆನ್ನಾಗಿ ಕೂರುತ್ತದೆ.)

ಕೊನೆಗೊಂದು ಪ್ರಶ್ನೆ, ಮತ್ತೆ ತಾಕುವಿದ್ಯುತ್ತಿನದೇ. ಚಳಿಯಲ್ಲಿ ಸ್ವೆಟರ್ ಕಳಚುವಾಗ ಚಟಚಟ ಎನ್ನುತ್ತದಲ್ಲ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಚಿಲಕ ಮುಟ್ಟಿದರೆ ಚುರುಕ್ ಎನ್ನುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯೇ? ನಮ್ಮ ಮನೆಯಲ್ಲಿ ‘ಶಾಕ್ ಹೊಡೀತು’ ಬಿಟ್ಟರೆ ಬೇರೆ ಮಾತಿಲ್ಲ. ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರದವರು ದಯವಿಟ್ಟು ಬರೆಯಿರಿ.