ನ್ಯೂಕ್ಲಿಯರ್ ಮೆಡಿಸಿನ್ ಫಿಸಿಸಿಸ್ಟ್ ಕೆಲಸ ಒಪ್ಕೊಳ್ಳೋದಾ ಬೇಡ್ವಾ? ಮಾಡಿದೋರು ಹೇಳಿ

ಕೇಳಿದ್ದು:
ನಮಸ್ಕಾರ ಎಲ್ರಿಗೂ. ಮೈಸೂರಲ್ಲಿ ಎಂಎಸ್ಸಿ ಫಿಸಿಕ್ಸ್ ಮಾಡಿ, ಮುಂಬೈ ಬಿಎಆರ್‌ಸಿಲಿ (ಭಾಭಾ ಅಣು ಸಂಶೋಧನಾ ಕೇಂದ್ರ) ಡಿಪ್ ಆರ್‌ಪಿ, ಅಂದ್ರೆ ರೇಡಿಯೋಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮುಗಿಸಿ, ಈಗ ಇಂಟರ್ನ್‌ಶಿಪ್ಪೂ ಮುಗೀತಾ ಬಂತು. ಎರಡು ಆಫರ್ ಇದೆ. ಒಂದು ರೇಡಿಯೋಥೆರಪಿ, ನಮ್ಮ ಬ್ಯಾಚಿನೋರೆಲ್ಲ ಹೋಗ್ತಿರೋದು ಅದಕ್ಕೇ. ಇನ್ನೊಂದು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಲಿ ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ಸೂಸೋ ಔಷಧಿನ ದೇಹದೊಳಗೆ ಕೊಟ್ಟು ಸ್ಕ್ಯಾನು, ಚಿಕಿತ್ಸೆ ಮಾಡೋ ವಿಭಾಗ) ಫಿಸಿಸಿಸ್ಟು, ಜೊತೆಗೆ ರೇಡಿಯೇಶನ್ ಸೇಫ್ಟಿ ಆಫೀಸರ್ (ಆರ್‌ಎಸ್‌ಓ) ಜವಾಬ್ದಾರಿ. ನನ್ನ ಮನಸ್ಸು ಎರಡನೇದ್ರ ಕಡೆ. ಅಮ್ಮಂದು ಮಾತ್ರ "ಅದು ಬೇಡ, ನಾಳೆ ಮದುವೆ ಮಕ್ಕಳು ಅಂತ ಆಗ್ಬೇಕಲ್ಲ" ಅಂತ ಒಂದೇ ಹಠ. ದಿನಾ ಏನ್ ಮಾಡ್ತೀರ, ಎಲ್ಲಿ ಕಷ್ಟ, ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಬೆಂಗಳೂರು, 11 ವರ್ಷದಿಂದ ಇದರಲ್ಲೇ ಇದೀನಿ:
ಮೊದ್ಲು ಒಂದು ತಿಳ್ಕೊಳ್ಳಿ, ಇಲ್ಲಿ ನಿಮ್ಮ ಬಾಸು ಡಾಕ್ಟ್ರಲ್ಲ, ಮ್ಯಾನೇಜ್ಮೆಂಟೂ ಅಲ್ಲ, ಗಡಿಯಾರ. ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ತೋರಿಸೋ ಪೆಟ್ ಸ್ಕ್ಯಾನಿಗೆ ಬೇಕಾದ ಎಫ್‌ಡಿಜಿ, ಅಂದ್ರೆ ವಿಕಿರಣ ಸೂಸೋ ಸಕ್ಕರೆಯಂಥ ಇಂಜೆಕ್ಷನ್ನು, ಬೆಳಿಗ್ಗೆ ಅದನ್ನ ತಯಾರಿಸೋ ಸೈಕ್ಲೋಟ್ರಾನ್‌ನಿಂದ ಸೀಸದ ಪಾತ್ರೇಲಿ ಕಾರಲ್ಲಿ ಬರುತ್ತೆ, ಅದರಲ್ಲಿರೋ ಫ್ಲೋರಿನ್-18ಗೆ ಹಾಫ್ ಲೈಫ್ (ವಿಕಿರಣ ಅರ್ಧಕ್ಕೆ ಇಳಿಯೋ ಸಮಯ) 110 ನಿಮಿಷ, ಅಂದ್ರೆ ಗಾಡಿ ಹೆಬ್ಬಾಳದ ಹತ್ರ 55 ನಿಮಿಷ ಸಿಕ್ಕಾಕ್ಕೊಂಡ್ರೆ 100 ಇದ್ದಿದ್ದು 70ಕ್ಕೆ ಇಳೀತು, ಇತ್ತ ಹತ್ತು ಜನ ರಾತ್ರಿಯಿಂದ ಉಪವಾಸ ಕೂತಿರ್ತಾರೆ, ಅದರಲ್ಲಿ ಒಬ್ಬರು ಕಾಯೋಕಾಗದೆ ಕ್ಯಾಂಟೀನಲ್ಲಿ ಕಾಫಿ ಕುಡಿದು ಬಂದಿರ್ತಾರೆ, ಇನ್ನೊಬ್ಬರ ಶುಗರ್ 280. ಯಾರನ್ನ ಮುಂದೆ ಹಾಕೋದು, ಹೆಚ್ಚು ಡೋಸ್ ಬೇಕಾಗೋ ದಪ್ಪ ಇರೋರನ್ನ ಮೊದ್ಲು ಮುಗಿಸೋದಾ, ಕೊನೇ ಪೇಶೆಂಟಿಗೆ ಡೋಸ್ ಸಾಲುತ್ತಾ, ಈ ಲೆಕ್ಕ ಎಲ್ಲಾ ನಿಂತಲ್ಲೇ ತಲೇಲೇ ಆಗ್ಬೇಕು. ಕಾರು ಬರೋಕೆ ಮುಂಚೆನೇ ಡೋಸ್ ಅಳೆಯೋ ಯಂತ್ರ, ಡೋಸ್ ಕ್ಯಾಲಿಬ್ರೇಟರ್‌ನ ಸೀಸಿಯಂ ಸೋರ್ಸ್ ಇಟ್ಟು ಚೆಕ್ ಮಾಡಿ, ಸ್ಕ್ಯಾನರ್ ಕ್ಯೂಸಿ (ಸರಿಯಾಗಿ ಓಡ್ತಿದೆಯಾ ಅನ್ನೋ ಪರೀಕ್ಷೆ) ಮುಗಿಸಿರ್ಬೇಕು. ಅದು ರೂಢಿ ಆಗ್ಬಿಡುತ್ತೆ, ಬಿಡಿ.

ನನಗೆ ಈ ಕೆಲಸ ಅಂಟಿಕೊಂಡಿದ್ದು ಅಯೋಡಿನ್ ವಾರ್ಡಿಂದ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಸೂಸೋ ಅಯೋಡಿನ್-131 ಕೊಡ್ತೀವಲ್ಲ, ಸೇರಿದ ಹೊಸದ್ರಲ್ಲಿ ಹಿರೇಕೆರೂರು ಕಡೆಯ ಒಬ್ಬ ಅಜ್ಜಿ ಬಂದಿದ್ರು, ಡೋಸು 100 ಮಿಲಿಕ್ಯೂರಿ (ವಿಕಿರಣ ವಸ್ತು ಎಷ್ಟಿದೆ ಅನ್ನೋ ಅಳತೆ). ಕ್ಯಾಪ್ಸೂಲು ನೋಡಿದ್ರೆ ಬೆರಳಿನ ತುದಿಯಷ್ಟು, ಅದಿರೋ ಸೀಸದ ಡಬ್ಬಿ ಒಂದು ಕೈಲಿ ಎತ್ತೋಕಾಗಲ್ಲ. ನಾನು ದೂರ ನಿಂತ್ಕೊಂಡು "ಮುಚ್ಚಳ ತೆಗೀರಿ, ಕೈಲಿ ಮುಟ್ಟಬೇಡಿ, ಹಂಗೇ ಬಾಯಿಗೆ ಬಗ್ಗಿಸ್ಕೊಂಡು ನೀರು ಕುಡೀರಿ" ಅಂದೆ. ಅಜ್ಜಿ ನನ್ನನ್ನ ಒಂದ್ಸಲ ನೋಡಿ, ಡಬ್ಬೀನ ಒಂದ್ಸಲ ನೋಡಿ, "ನೀನು ಮುಟ್ಟಂಗಿಲ್ಲ, ನಾ ನುಂಗಬೇಕ?" ಅಂತ ಕೇಳಿದ್ರು. ಬಿಎಆರ್‌ಸಿಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹೊಳೀತು, "ಅಜ್ಜಿ, ನಿಮಗೆ ಇದು ಔಷಧಿ, ಒಂದ್ಸಲ ತಗೋತೀರ. ನನಗೆ ಕಾಯಿಲೆ ಇಲ್ಲ, ಆದ್ರೂ ದಿನಾ ಇದರ ಮುಂದೆ ನಿಲ್ತೀನಿ" ಅಂದೆ. "ಹಂಗಾರ ದೂರನ ನಿಲ್ಲಪ್ಪ" ಅಂತ ಗಟಗಟ ನೀರು ಕುಡಿದ್ರು. ಈಗ್ಲೂ ಹೊಸಬರಿಗೆ ಸಮಯ, ದೂರ, ಅಡ್ಡಗೋಡೆ ಅನ್ನೋ ಪಾಠ ಮಾಡೋವಾಗ ಆ ಅಜ್ಜೀನೇ ನೆನಪಾಗ್ತಾರೆ.

ಆಮೇಲೆ ದಿನಾ ಒಂದು ಮೀಟರ್ ದೂರದಿಂದ ವಿಕಿರಣ ಅಳೆಯೋ ಸರ್ವೇ ಮೀಟರ್ ಹಿಡಿದು ನೋಡ್ತೀವಿ, ಒಳಗೆ ಉಳಿದಿರೋದು 30 ಮಿಲಿಕ್ಯೂರಿಗಿಂತ ಕೆಳಗೆ ಬಂದ ಮೇಲೇನೆ ಮನೆಗೆ. ಅಲ್ಲೀತನಕ ರೂಮೊಳಗೆ ಹೋಗಿದ್ದು ಹೊರಗೆ ಬರಂಗಿಲ್ಲ. ಮನೆಯೋರು ಸ್ಟೀಲ್ ಡಬ್ಬೀಲಿ ರೊಟ್ಟಿ ಕಳಿಸಿ ಡಬ್ಬಿ ವಾಪಸ್ ಕೊಡಿ ಅಂತ ಸೆಕ್ಯೂರಿಟಿ ಹತ್ರ ಜಗಳ ಆಡ್ತಾರೆ. ಆ ಜಗಳ ಬಿಡಿಸೋದೂ ಫಿಸಿಸಿಸ್ಟೇ.

ಹುಬ್ಬಳ್ಳಿ:
ಮ್ಯಾಲಿನವರು ಛಲೋ ಹೇಳ್ಯಾರ. ನಂದೊಂದು ನಳದ ಕಥಿ ಕೇಳ್ರಿ. ಅಯೋಡಿನ್ ವಾರ್ಡಿನ ಸಂಡಾಸದ ನೀರು ಸೀದಾ ಗಟಾರಕ್ಕ ಬಿಡಂಗಿಲ್ಲ, ಡಿಲೇ ಟ್ಯಾಂಕಿಗೆ ಹೋಗ್ತದ. ಎರಡು ಟ್ಯಾಂಕು, ಒಂದು ತುಂಬೂತನಕ ಇನ್ನೊಂದು ಆರಬೇಕು, ಅಂದ್ರ ಅದರಾಗಿನ ವಿಕಿರಣ ಇಳೀಬೇಕು, ಅಯೋಡಿನ್ನಿಗೆ ಹಾಫ್ ಲೈಫ್ 8 ದಿನ, ಹತ್ತು ಹಾಫ್ ಲೈಫ್ ಅಂದ್ರ 80 ದಿನ. ನಾ ಮೊದಲು ಇದ್ದ ಆಸ್ಪತ್ರ್ಯಾಗ ಒಂದು ರೂಮಿನ ನಳ ಟಪ್ ಟಪ್ ಅಂತ ಸೋರ್ತಿತ್ತು. ಮೇಂಟೆನನ್ಸಿನವರಿಗೆ ಮೂರು ಸಲ ಬರದು ಕೊಟ್ಟೆ, ರೇಡಿಯೇಶನ್ ರೂಮು ಅಂತ ಒಬ್ರೂ ಒಳಗ ಬರವಲ್ರು. ಹನಿ ಹನಿ ಕೂಡಿ ಎರಡನೇ ಟ್ಯಾಂಕ್ ತುಂಬೇ ಬಿಡ್ತು, ಮೊದಲಿಂದು ಇನ್ನೂ ಆರಿರ್ಲಿಲ್ಲ. ವಾರ್ಡ್ ಬಂದ್. ಎರಡು ವಾರ ಅಯೋಡಿನ್ ಇಲ್ಲದ ಉಪ್ಪಿಗೆ ಬದಲಿಸಿ, ಮೀನು ಬಿಟ್ಟು ಪಥ್ಯ ಮಾಡಿ ತಯಾರಾಗಿದ್ದ ಮೂರು ಮಂದಿಗೆ ಫೋನ್ ಮಾಡಿ ಬರಬ್ಯಾಡ್ರಿ ಅನ್ನೂದು ನನ್ನ ಪಾಲಿಗೆ ಬಂತು. ಒಬ್ಬಾಕಿ ಅತ್ತೇಬಿಟ್ಲು. ಕಡೀಕ ಪ್ಲಂಬರ್ ಮಗ್ಗಲಕ್ಕ ಮೀಟರ್ ಹಿಡಕೊಂಡು ನಿಂತು, ನಾ ಎಲ್ಲಿ ನಿಂದರ್ತೀನೋ ಅಲ್ಲೇ ನೀನೂ ನಿಂದ್ರು ಅಂತ ಹೇಳಿ ರಿಪೇರಿ ಮಾಡಿಸಿದೆ. ನಾಲ್ಕು ರೂಪಾಯಿ ವಾಷರ್‌ರಿ ಅದು! ನೀವು ಸೇರಿದ ದಿನಾನ ಎಲ್ಲಾ ನಳ ತಿರುವಿ ನೋಡ್ರಿ.

ಎರಡು ಮಕ್ಕಳ ತಾಯಿ, ಪೆಟ್ ಸೆಂಟರಲ್ಲಿದೀನಿ:
ಅಮ್ಮನ ಪ್ರಶ್ನೆಗೆ ನಾನು ಹೇಳ್ತೀನಿ. ಇಲ್ಲಿ ಕೆಲಸದೋರಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲೋ ವಿಕಿರಣದ ಅಳತೆ), ಯಾವ ವರ್ಷವೂ 30 ದಾಟಬಾರದು. ನಮಗೆ ತಗುಲಿದ್ದನ್ನ ಅಳೆಯೋಕೆ ಹಾಕ್ಕೊಳ್ಳೋ ನನ್ನ ಬ್ಯಾಡ್ಜು ಯಾವ ವರ್ಷವೂ 3 ಮುಟ್ಟಿಲ್ಲ. ಬಸುರಿ ಅಂತ ತಿಳಿಸಿದ ಮೇಲೆ ಹೆರಿಗೆವರೆಗೂ ಮಗುವಿಗೆ 1 ದಾಟಬಾರದು. ನಾನು ಎರಡೂ ಸಲ ಗೊತ್ತಾದ ವಾರವೇ ಬರೆದು ಕೊಟ್ಟೆ, ಹಾಟ್ ಲ್ಯಾಬು (ವಿಕಿರಣ ಔಷಧಿ ತಯಾರಿ ಮಾಡೋ ಕೋಣೆ), ಇಂಜೆಕ್ಷನ್ ಎಲ್ಲಾ ಬಿಟ್ಟು ಕ್ಯಾಮರಾ ಡೇಟಾ, ರಿಜಿಸ್ಟರು, ಟ್ರೇನಿಂಗು ನೋಡ್ಕೊಂಡೆ. ಹಾಲೂಡಿಸೋವಾಗ ಅಯೋಡಿನ್ ಹತ್ರ ಹೋಗಲೇ ಇಲ್ಲ, ಒಳಗೆ ಸೇರ್ಕೊಂಡ್ರೆ ಹಾಲಲ್ಲಿ ಬರುತ್ತೆ. ಮೂರನೇ ತಿಂಗಳವರೆಗೂ ಯಾರಿಗೂ ಹೇಳಬಾರದು ಅಂತಾರಲ್ಲ ನಮ್ಮ ಮನೇಲಿ, ಆ ಶಾಸ್ತ್ರ ಮಾತ್ರ ಈ ಕೆಲಸಕ್ಕೆ ಆಗಿಬರಲ್ಲ. ನಮ್ಮತ್ತೆಗಿಂತ ಮುಂಚೆ ನಮ್ಮ ಹೆಚ್‌ಓಡಿಗೆ ಗೊತ್ತಾಯ್ತು, ಅದಕ್ಕೆ ಅತ್ತೆ ಇವತ್ತಿಗೂ ಮುನಿಸು.

ಕೇಳಿದವರು:
ಈ ಕೆಲಸಕ್ಕೆ ಸೇರಿದ್ಮೇಲೆ ಪಶ್ಚಾತ್ತಾಪ ಪಟ್ಟೋರು ಯಾರಾದ್ರೂ ಇದ್ರೆ ಅವರೂ ಹೇಳಿ ಪ್ಲೀಸ್.

ಬಿಟ್ಟು ಬಂದವನು:
ಇದೀನಿ. ಪಶ್ಚಾತ್ತಾಪ ಕೆಲಸದ ಬಗ್ಗೆ ಅಲ್ಲ, ಸಹಿ ಬಗ್ಗೆ. ಆರ್‌ಎಸ್‌ಓ ಅಂತ ನಿಮ್ಮ ಹೆಸರು ಎಇಆರ್‌ಬಿಯ ಆನ್‌ಲೈನ್ ಲೈಸೆನ್ಸ್ ಪೋರ್ಟಲ್ ಇ-ಲೋರಾದಲ್ಲಿ ಏರಿದ್ ತಕ್ಷಣ ಐಸೋಟೋಪ್ (ವಿಕಿರಣ ವಸ್ತು) ತರಿಸೋ ಪರ್ಮಿಶನ್ನಿಂದ ಕಸದ ಲೆಕ್ಕದವರೆಗೂ ನೀವೇ ಉತ್ತರ ಕೊಡ್ಬೇಕು. ನಾನಿದ್ದ ಕಡೆ ಅವರಿಗೆ ಬೇಕಿದ್ದಿದ್ದು ಸರ್ಟಿಫಿಕೇಟು, ಮನುಷ್ಯ ಅಲ್ಲ. ಸರ್ವೇ ಮೀಟರ್ ಕ್ಯಾಲಿಬ್ರೇಶನ್ ಅವಧಿ ಮುಗಿದು ತಿಂಗಳುಗಟ್ಲೆ ಆಗಿತ್ತು, ಕೇಳಿದ್ರೆ ಮುಂದಿನ ಬಜೆಟ್ಟಲ್ಲಿ ಅನ್ನೋರು, ರಿಜಿಸ್ಟರಲ್ಲಿ ಮಾತ್ರ ದಿನಾ ಸಹಿ ಬೇಕು. ಇಂಟರ್ವ್ಯೂಲಿ ಸಂಬಳಕ್ಕಿಂತ ಮುಂಚೆ ಒಂದು ಕೇಳಿ, ಹಿಂದಿನ ಆರ್‌ಎಸ್‌ಓ ಯಾಕೆ ಬಿಟ್ರು ಅಂತ. ಮುಖ ನೋಡ್ಕೊಳ್ಳಿ ಉತ್ತರ ಬರೋವಾಗ.

ಅಂದಹಾಗೆ ಟಿಎಲ್‌ಡಿ ಬ್ಯಾಡ್ಜು (ಮೇಲೆ ಹೇಳಿದ ಅದೇ ವಿಕಿರಣ ಅಳೆಯೋ ಬ್ಯಾಡ್ಜು) ಕೋಟಲ್ಲೇ ಬಿಟ್ಟು ಕೋಟನ್ನ ಇಂಜೆಕ್ಷನ್ ರೂಮಿನ ಮೊಳೆಗೆ ನೇತುಹಾಕಿ ಹೋಗ್ಬೇಡಿ. ನಾನು ರಜೆ ಮೇಲೆ ಊರಲ್ಲಿ ಅಡಿಕೆ ಸುಲೀತಿದ್ದೆ, ನನ್ನ ಬ್ಯಾಡ್ಜು ಇಲ್ಲಿ ಡೋಸ್ ತಗೋತಿತ್ತು. ಮೂರು ತಿಂಗಳ ರಿಪೋರ್ಟ್ ಬಂದಾಗ ಅದನ್ನ ವಿವರಿಸಿ ಪತ್ರ ಬರೆಯೋಷ್ಟರಲ್ಲಿ ಬೆವರು ಇಳೀತು.

ಇಂಗ್ಲೆಂಡಿಂದ:
ಇಲ್ಲಿ ಕ್ಲಿನಿಕಲ್ ಸೈಂಟಿಸ್ಟ್ ಅನ್ನೋ ಹೆಸರು ಹಾಕ್ಕೋಬೇಕಂದ್ರೆ ಹೆಚ್‌ಸಿಪಿಸಿಲಿ (ಇಲ್ಲಿನ ಆರೋಗ್ಯ ವೃತ್ತಿಗಳ ನೋಂದಣಿ ಮಂಡಳಿ) ರಿಜಿಸ್ಟರ್ ಆಗಿರ್ಲೇಬೇಕು. ಮುಂದೆ ಈ ಕಡೆ ಬರೋ ಯೋಚನೆ ಇದ್ರೆ ಈಗಿಂದಲೇ ನೀವು ಮಾಡಿದ ಕ್ಯೂಸಿ, ಡೋಸಿಮೆಟ್ರಿ (ಡೋಸ್ ಲೆಕ್ಕ), ಘಟನೆಗಳ ವರದಿ ಎಲ್ಲಾ ದಿನಾಂಕ ಸಮೇತ ಇಟ್ಕೊಳ್ಳಿ.

ಬೆಂಗಳೂರು, 11 ವರ್ಷ:
ಅವರು ಸಹಿ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಒಂದು ಮಾತು ಸೇರಿಸ್ತೀನಿ, ಆ ಆಸ್ಪತ್ರೆಲಿ ಲ್ಯುಟೀಶಿಯಂ-177 (ಕ್ಯಾನ್ಸರಿಗೆ ಕೊಡೋ ಇನ್ನೊಂದು ವಿಕಿರಣ ಔಷಧಿ) ಥೆರಪಿ ಇದೆಯಾ ಕೇಳಿ. ಇದ್ರೆ ಕಲಿಯೋಕೆ ತುಂಬಾ ಇದೆ, ಥೆರಪಿ ಆದ್ಮೇಲೆ ಸ್ಕ್ಯಾನ್ ತೆಗೆದು ಕಿಡ್ನಿಗೆ ಎಷ್ಟು ಡೋಸ್ ಹೋಯ್ತು ಅಂತ ಲೆಕ್ಕ ಹಾಕೋದು ನಿಜವಾದ ಫಿಸಿಕ್ಸು. ಕಸದ ವಿಷಯದಲ್ಲಿ ಹುಷಾರು. ಅದರ ಹಾಫ್ ಲೈಫ್ ಏಳು ದಿನದೊಳಗೇನೆ, ಆದ್ರೆ ಕೆಲವು ವಿಧಾನದಲ್ಲಿ ತಯಾರಾದ್ರಲ್ಲಿ 160 ದಿನದ ಲ್ಯುಟೀಶಿಯಂ-177ಎಂ ಚೂರು ಬೆರೆತಿರುತ್ತೆ, ಎರಡು ತಿಂಗಳಾಯ್ತಲ್ಲ ಅಂತ ಮೀಟರ್ ಹಿಡೀದೆ ಚೀಲ ಎಸೆದ್ರೆ ಕೆಟ್ರಿ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಪೂರ್ತಿ ಅಮ್ಮಂಗೆ ಓದಿ ಹೇಳ್ದೆ. ಮಿಲಿಸೀವರ್ಟ್ ಬಂದಾಗ ಸುಮ್ನಿದ್ರು, ನಳದ ಕಥೆಗೆ ನಕ್ಕರು. ಕೊನೇಲಿ ಕೇಳಿದ್ದು ಒಂದೇ, ಆ ಅಜ್ಜಿ ಈಗ ಹೆಂಗಿದಾರಂತೆ?

ಬೆಂಗಳೂರು, 11 ವರ್ಷ:
ಆರು ತಿಂಗಳಿಗೆ ಫಾಲೋಅಪ್ ಸ್ಕ್ಯಾನಿಗೆ ಬಂದಿದ್ರು, ಕ್ಲೀನ್ ಇತ್ತು. ಮೊಮ್ಮಗನ್ನೂ ಕರ್ಕೊಂಡು ಬಂದು ಸೀದಾ ವೇಟಿಂಗ್ ರೂಮಲ್ಲಿ ಇಂಜೆಕ್ಷನ್ ಆದೋರ ಪಕ್ಕ ಕೂರಿಸಿದ್ರು, ಮತ್ತೆ ಜೋರು ಮಾಡಿ ಹೊರಗೆ ಕಳಿಸಿದೆ.