ಪಿಎಲ್‌ಎ: ಮೈಕ್ರೋವೇವ್‌ದು ಮತ್ತು ಆಯಿಲ್ ಬಾತ್‌ದು, ಮಾಲ್ಡಿಯಲ್ಲಿ 72ರ ಪೀಕ್ ಯಾಕೆ ಒಂದರಲ್ಲೇ?

ಲ್ಯಾಕ್ಟೈಡ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಲ್-ಲ್ಯಾಕ್ಟೈಡ್‌ನಿಂದ ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್ ಅನ್ನೋ ಪ್ಲಾಸ್ಟಿಕ್) ಮಾಡ್ತಿದೀನಿ, ಟಿನ್ ಆಕ್ಟೋಯೇಟ್ ಕ್ಯಾಟಲಿಸ್ಟ್, ಬೆಂಜೈಲ್ ಆಲ್ಕೋಹಾಲ್ ಇನಿಶಿಯೇಟರ್, 130 ಡಿಗ್ರಿ, ಸಾಲ್ವೆಂಟ್ ಇಲ್ಲ. ಆಯಿಲ್ ಬಾತ್‌ನಲ್ಲಿ 6 ಗಂಟೆ, ಮೈಕ್ರೋವೇವ್ ರಿಯಾಕ್ಟರ್‌ನಲ್ಲಿ ಬರೀ 10 ನಿಮಿಷ. ಎರಡನ್ನೂ ಸೋಡಿಯಂ ಸಾಲ್ಟ್ ಹಾಕಿ ಮಾಲ್ಡಿ-ಟಾಫ್‌ಗೆ (ಚೈನ್‌ಗಳ ತೂಕ ಅಳೆಯೋ ಮಾಸ್ ಸ್ಪೆಕ್ಟ್ರೋಮೆಟ್ರಿ) ಕೊಟ್ಟೆ. ಮೈಕ್ರೋವೇವ್‌ದರಲ್ಲಿ 1571.5, 1715.5 ಅಂತ 144 ಬಿಟ್ಟು 144ಕ್ಕೆ ಪೀಕ್ ಬಂದಿದೆ. ಆಯಿಲ್ ಬಾತ್‌ದರಲ್ಲಿ ಮಧ್ಯೆ, 72 ದೂರಕ್ಕೆ, 1643.5 ಕೂಡ ಇದೆ, ಎತ್ತರ ಹೆಚ್ಚುಕಮ್ಮಿ ಅಷ್ಟೇ. ಮೈಕ್ರೋವೇವ್‌ಗೇ ಏನೋ ವಿಶೇಷ ಗುಣ ಇದೆ ಅಂತ ಥೀಸಿಸ್‌ನಲ್ಲಿ ಬರೀಬಹುದಾ? ನನಗೆ ಧೈರ್ಯ ಬರ್ತಿಲ್ಲ.

ಹಳೇ ಪಾಲಿಮರ್‌ನವ:
ಈಗಲೇ ಬರೀಬೇಡಿ ಮೇಡಂ. ಲ್ಯಾಕ್ಟೈಡ್ ಉಂಗುರದಲ್ಲಿ ಲ್ಯಾಕ್ಟಿಕ್ ಆಸಿಡ್ ಯೂನಿಟ್ ಎರಡಿವೆ, ಉಂಗುರ ಬಿಚ್ಚಿ ಚೈನ್‌ಗೆ ಸೇರುವಾಗ ಜೋಡಿಯಾಗೇ ಸೇರ್ತವೆ, ಅದಕ್ಕೇ 144. ಮಧ್ಯೆ 72 ಬಂತು ಅಂದ್ರೆ ಒಂದು ಚೈನ್‌ನ ತುದಿ ಇನ್ನೊಂದರ ನಡುವಿಗೆ ಬಿದ್ದು ತುಂಡುಗಳು ಅದಲುಬದಲಾಗಿವೆ, ಟ್ರಾನ್ಸ್‌ಎಸ್ಟರಿಫಿಕೇಶನ್. ಮಾನೋಮರ್ (ಇಲ್ಲಿ ಲ್ಯಾಕ್ಟೈಡ್) ಖಾಲಿಯಾಗ್ತಾ ಬಂದಾಗ ಇದು ಎದ್ದು ಕಾಣುತ್ತೆ ಯಾಕಂದ್ರೆ ಆಗ ಟಿನ್ ಸುತ್ತ ಇರೋದು ಚೈನ್‌ಗಳೇ, ಕ್ಯಾಟಲಿಸ್ಟ್ ಇನ್ನೂ ಜೀವಂತ ಇದೆ, ನೀವು ಗಂಟೆಗಟ್ಟಲೆ ಬಿಸಿ ಮಾಡ್ತಾನೇ ಇದೀರ. 10 ನಿಮಿಷದ್ದನ್ನ 6 ಗಂಟೆಯದ್ದರ ಪಕ್ಕ ಇಟ್ಟರೆ ಕಂಪೇರ್ ಆಗೋದು ಟೈಮು, ಬಿಸಿ ಮಾಡಿದ ರೀತಿ ಅಲ್ಲ. ಕನ್ವರ್ಶನ್ (ಎಷ್ಟು ಲ್ಯಾಕ್ಟೈಡ್ ಪಾಲಿಮರ್ ಆಯ್ತು ಅನ್ನೋದು) ಒಂದೇ ಇರೋ ಸ್ಯಾಂಪಲ್ ತಗೊಳ್ಳಿ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 5.03 ಪಿಪಿಎಂ ಹತ್ರ ಲ್ಯಾಕ್ಟೈಡ್, 5.16 ಹತ್ರ ಪಾಲಿಮರ್, ಇಂಟಿಗ್ರೇಟ್ ಮಾಡಿ ನೋಡಿ. ಹಾಗೇ 1463.4ರಲ್ಲೂ ಕಣ್ಣಾಡಿಸಿ, ಅದು 20 ಯೂನಿಟ್‌ನ ಸೈಕ್ಲಿಕ್ (ಉಂಗುರವಾದ ಚೈನ್), ಬೆಂಜೈಲ್ ತುದಿ ಇರಲ್ಲ.

ಬಿಸಿ ಸೀಸೆ:
ಮೇಲಿನವರು ಹೇಳಿದ್ದು ಸರಿ, ಆದ್ರೆ 130 ಅನ್ನೋದೇ ನಿಜವಾ ಅಂತ ಮೊದಲು ನೋಡಿ. ನಿಮ್ಮ ರಿಯಾಕ್ಟರ್‌ನಲ್ಲಿ ಐಆರ್ (ಇನ್‌ಫ್ರಾರೆಡ್) ಸೆನ್ಸರ್ ಮಾತ್ರ ಇದ್ರೆ ಅದು ಅಳೆಯೋದು ಗಾಜಿನ ಹೊರಮೈನ, ಮೈಕ್ರೋವೇವ್‌ನಲ್ಲಿ ಬಿಸಿಯಾಗೋದು ಒಳಗಿನ ಮೆಲ್ಟ್, ಅದೂ ಗಟ್ಟಿಯಾಗ್ತಾ ಹೋದ ಹಾಗೆ ಸ್ಟರರ್ ನಿಂತೇಹೋಗುತ್ತೆ. ನಾನು ಫೈಬರ್ ಆಪ್ಟಿಕ್ ಪ್ರೋಬ್ ಇಳಿಬಿಟ್ಟಾಗ ಸ್ಕ್ರೀನ್‌ಗಿಂತ 20 ಡಿಗ್ರಿ ಮೇಲಿತ್ತು, ಒಂದು ವರ್ಷದ ಡೇಟಾ ಮತ್ತೆ ಮಾಡಬೇಕಾಯ್ತು. ಸಿಲಿಕಾನ್ ಕಾರ್ಬೈಡ್ ವಯಲ್ ಸಿಕ್ಕರೆ ಅದರಲ್ಲೊಂದು ರನ್ ಮಾಡಿ, ಮೈಕ್ರೋವೇವ್ ಅಲೆಗಳನ್ನ ವಯಲ್‌ನ ಗೋಡೆಯೇ ಹೀರಿಕೊಳ್ಳುತ್ತೆ, ಒಳಗೆ ಬರೀ ಬಿಸಿ ಹೋಗುತ್ತೆ. ಗಾಜಿನದ್ದೂ ಇದೂ ಒಂದೇ ಥರ ಬಂದ್ರೆ ವಿಶೇಷ ಗುಣದ ಮಾತು ಬಿಟ್ಟುಬಿಡಿ.

ಹಳೇ ಪಾಲಿಮರ್‌ನವ:
ಇನ್ನೊಂದು ಮರೆತಿದ್ದೆ. ಮಾಲ್ಡಿ ಪೀಕ್ ಎತ್ತರದಿಂದ ಡಿಸ್ಪರ್ಸಿಟಿ (ಚೈನ್ ಉದ್ದಗಳ ಹರವು) ಲೆಕ್ಕ ಹಾಕ್ಬೇಡಿ, ಹರವು ಜಾಸ್ತಿ ಇದ್ರೆ ದೊಡ್ಡ ಚೈನ್ ಕಮ್ಮಿ ಕಾಣ್ತವೆ, ಅದಕ್ಕೆ ಜಿಪಿಸಿ (ಚೈನ್‌ಗಳನ್ನ ಗಾತ್ರದ ಮೇಲೆ ಬೇರ್ಪಡಿಸೋ ಪರೀಕ್ಷೆ) ಮಾಡಿಸಿ.

ಲ್ಯಾಕ್ಟೈಡ್ ಹುಡುಗಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಆಯಿಲ್ ಬಾತ್ ರನ್‌ನಲ್ಲಿ 40ನೇ ನಿಮಿಷಕ್ಕೆ ತೆಗೆದಿಟ್ಟ ಚೂರು ಫ್ರಿಜ್‌ನಲ್ಲಿತ್ತು, ಕನ್ವರ್ಶನ್ ಮೈಕ್ರೋವೇವ್‌ದರಷ್ಟೇ. ಇವತ್ತು ಮಾಲ್ಡಿ ಮಾಡಿಸಿದೆ, 1643.5 ಬೇಸ್‌ಲೈನ್ ಮೇಲೆ ಸಣ್ಣ ಉಬ್ಬು ಅಷ್ಟೇ. ಎರಡೂ ಸ್ಪೆಕ್ಟ್ರಮ್ ಪ್ರಿಂಟ್ ತಗೊಂಡು ನಾಳೆ ಗೈಡ್ ಹತ್ರ ಹೋಗ್ತೀನಿ, ಪ್ರೋಬ್ ಕೂಡ ಕೇಳ್ತೀನಿ.